ಮೂವರ ಮೇಳ, ಒಂದೇ ನಾದ

ನಗರ್ತಪೇಟೆಯ ಗಲ್ಲಿಗಳನ್ನು ಬಿಟ್ಟು, ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ಹಾದು ನಡೆದರೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನ ಸಿಗುತ್ತದೆ. ಶ್ರೀ ರಾಮಸೇವಾ ಮಂಡಳಿಯು 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವದಿಂದ ಈ ಮೈದಾನ ನಾಡಿನಾಚೆಗೂ ಹೆಸರಾಗಿದೆ. ಅಲ್ಲಿನ ಚಪ್ಪರದಡಿ ಕುಳಿತವರಿಗೆ ಒಂದು ಸಂಗತಿ ತಿಳಿದೇ ಇದೆ. ಗಾಯಕ, ಪಿಟೀಲು ವಾದಕ, ಮೃದಂಗ ವಾದಕ, ಈ ಮೂವರ ಮನೋಧರ್ಮದ ಸಂಗೀತವನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಒಬ್ಬರು ನುಡಿಸಿದ್ದನ್ನು ಮತ್ತೊಬ್ಬರು ಕಿವಿಗೊಟ್ಟು ಕೇಳಿ, ಆ ಕ್ಷಣದಲ್ಲೇ ಉತ್ತರಿಸುವುದೇ ಕಛೇರಿಯ ಜೀವಾಳ.

ಜಾಝ್ ಸಂಗೀತದ ಜೀವಾಳವೂ ಇದುವೇ. ಇದಕ್ಕೆ ಉತ್ತಮ ಸಾಕ್ಷಿ, ಅಮೆರಿಕದ ಪಿಯಾನೋ ವಾದಕ ಬಿಲ್ ಇವಾನ್ಸ್ ಅವರ ತ್ರಯವು ಸ್ವಿಟ್ಜರ್ಲೆಂಡಿನ ಮಾಂಟ್ರೋ ಜಾಝ್ ಉತ್ಸವದಲ್ಲಿ 1968ರ ಜೂನ್ 15ರಂದು ನೀಡಿದ ಕಛೇರಿಯ ಧ್ವನಿಮುದ್ರಿಕೆ. ಆಗ ಆ ಉತ್ಸವಕ್ಕೆ ಎರಡನೆಯ ವರ್ಷ. ಇವಾನ್ಸ್ ಅವರಿಗೆ 38, ಬಾಸ್ ವಾದಕ ಎಡ್ಡಿ ಗೋಮೆಜ್ ಅವರಿಗೆ 23, ಡ್ರಮ್ಸ್ ನುಡಿಸಿದ ಜ್ಯಾಕ್ ಡಿಜಾನೆಟ್ ಅವರಿಗೆ 25 ವರ್ಷ.

ಇವಾನ್ಸ್ ಅದಕ್ಕೂ ಮೊದಲು ದೊಡ್ಡದೊಂದು ಆಘಾತವನ್ನು ಅನುಭವಿಸಿದ್ದರು. 1961ರಲ್ಲಿ ಅವರ ತ್ರಯದ ಬಾಸ್ ವಾದಕ ಸ್ಕಾಟ್ ಲಫಾರೊ, ನ್ಯೂಯಾರ್ಕಿನ ಪ್ರಸಿದ್ಧ ಕಛೇರಿಯ ಧ್ವನಿಮುದ್ರಣವಾದ ಹನ್ನೊಂದೇ ದಿನಗಳಲ್ಲಿ ರಸ್ತೆ ಅಪಘಾತದಲ್ಲಿ ಮೃತಪಟ್ಟಿದ್ದರು. ತಿಂಗಳುಗಟ್ಟಲೆ ಇವಾನ್ಸ್ ವೇದಿಕೆಯಿಂದ ದೂರ ಉಳಿದರು. ಆದ್ದರಿಂದ ಮಾಂಟ್ರೋದಲ್ಲಿ ಎಳೆಯರಿಬ್ಬರೊಡನೆ ಅವರ ಬೆರಳುಗಳು ತೋರಿದ ಹುರುಪಿಗೆ ವಿಶೇಷ ಅರ್ಥವಿದೆ.

ಈ ಮುದ್ರಿಕೆಯಲ್ಲಿ ಪಿಯಾನೋ ಒಡೆಯನಲ್ಲ. ಉಳಿದೆರಡು ವಾದ್ಯಗಳು ಆಳುಗಳೂ ಅಲ್ಲ. ಒಂದು ರಚನೆಯಲ್ಲಿ ಬಾಸ್ ಮುಂದೆ ಬಂದು ರಾಗವನ್ನು ನಡೆಸುತ್ತದೆ. 'ನಾರ್ಡಿಸ್' ಎಂಬ ರಚನೆಯಲ್ಲಿ ಡ್ರಮ್ಸ್‌ಗೆ ದೊರೆಯುವ ಅವಕಾಶವು ನಮ್ಮ ತನಿ ಆವರ್ತನವನ್ನೇ ನೆನಪಿಸುತ್ತದೆ. ಮತ್ತೊಂದೆಡೆ ಇಬ್ಬರೂ ಮೌನವಾಗಿ ಪಿಯಾನೋ ಒಂಟಿಯಾಗಿ ನುಡಿಯುತ್ತದೆ. ಸುಮ್ಮನಿರಬೇಕಾದಾಗ ಸುಮ್ಮನಿರುವುದೂ ಸಂಗೀತವೇ ಅಲ್ಲವೇ? ಈ ಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು. ಡಿಜಾನೆಟ್ ಈ ತ್ರಯದಲ್ಲಿ ಇದ್ದುದು ಕೆಲವೇ ತಿಂಗಳು. ಆ ಸಂಜೆಯ ಕಛೇರಿಯನ್ನು ಮುದ್ರಿಸಿಕೊಳ್ಳದೆ ಇದ್ದಿದ್ದರೆ ಆ ಅಪರೂಪದ ಕೂಟ ಗಾಳಿಯಲ್ಲಿ ಕರಗಿಹೋಗುತ್ತಿತ್ತು.

ಇಂತಹ ಉತ್ಸವದ ವೇದಿಕೆಯೊಂದು ನಮ್ಮ ಕನ್ನಡಿಗರೊಬ್ಬರ ಬಾಳನ್ನೂ ಬೆಳಗಿಸಿತು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ, ನಾಗಸ್ವರ ವಾದಕರ ಮಗ ಕದ್ರಿ ಗೋಪಾಲನಾಥ್, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಕೀಲಿಗಳ ಆ ವಾದ್ಯದಲ್ಲಿ ಗಮಕವನ್ನು ಹೊಮ್ಮಿಸಲು ವರ್ಷಾನುಗಟ್ಟಲೆ ಶ್ರಮಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರು ಗೋಪಾಲನಾಥರ ವಾದನವನ್ನು ಕೇಳಿ, ತಾವೇ ಜೊತೆಗೂಡಿ ನುಡಿಸಿದರು. 2008ರಲ್ಲಿ ಕರ್ನಾಟಕ ಮೂಲದ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ 'ಕಿನ್ಸ್‌ಮೆನ್' ಎಂಬ ಮುದ್ರಿಕೆ ಹೊರಬಂದಿತು. 2019ರ ಅಕ್ಟೋಬರ್ 11ರಂದು ಗೋಪಾಲನಾಥರು ಅಗಲಿದರು. ಅವರ ಉಸಿರು ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ.

ನಮ್ಮ ಮನೆಗಳಲ್ಲಿ ಮಕ್ಕಳು ಪಿಯಾನೋ, ಗಿಟಾರ್, ಪಿಟೀಲು ಕಲಿಯುತ್ತಾರೆ, ಪರೀಕ್ಷೆಗಳನ್ನೂ ಮುಗಿಸುತ್ತಾರೆ. ಬೆರಳಿಗೆ ಪಾಠವಾಗುತ್ತದೆ, ಕಿವಿಗೆ ಆಗುವುದಿಲ್ಲ. ಜೊತೆಯವರ ದನಿಯನ್ನು ಕೇಳದೆ ಹಾಡುವವರು ಎಷ್ಟೇ ಒಳ್ಳೆಯ ಕಂಠದವರಾದರೂ ಗಾನವೃಂದದ ಹಾಡು ಕೆಡುತ್ತದೆಂಬುದು ಧರ್ಮಕೇಂದ್ರಗಳಲ್ಲಿ ಹಾಡುವ ಎಲ್ಲರಿಗೂ ಗೊತ್ತು. ಒಂದು ಭಾನುವಾರ ಸಂಜೆ ಮನೆಮಂದಿಯೆಲ್ಲ ಕುಳಿತು ಇಂತಹ ಕಛೇರಿಯೊಂದನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ನಿಲ್ಲಿಸದೆ ಆಲಿಸಬಹುದು. ಮೊದಲು ಪಿಯಾನೋವನ್ನು, ಅನಂತರ ಬಾಸನ್ನು, ಆಮೇಲೆ ಡ್ರಮ್ಸ್ ಅನ್ನು ಹಿಂಬಾಲಿಸಲು ಮಕ್ಕಳಿಗೆ ಹೇಳಿಕೊಡಬಹುದು. ಬರುವ ರಾಮನವಮಿಗೆ ಕೋಟೆ ಪ್ರೌಢಶಾಲೆಯ ಮೈದಾನಕ್ಕೂ ಅವರನ್ನು ಕರೆದೊಯ್ಯಬಹುದು. ಕೇಳಲು ಕಲಿತ ಮಗು ನುಡಿಸಲೂ ಕಲಿಯುತ್ತದೆ, ನಾಲ್ವರೊಡನೆ ಬಾಳಲೂ ಕಲಿಯುತ್ತದೆ.