ಅಜೈಲ್ ಅಂದ್ರೆ ಅವಸರ ಅಲ್ಲ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಮಿನಿ ಪ್ರಾಜೆಕ್ಟಿಗೆ ಹಾಸ್ಟೆಲ್ ಮೆಸ್ಸಿನ ಆ್ಯಪ್ ಮಾಡೋಕೆ ಹೊರಟೆವು. ಮೊದಲ ವಾರವೇ ಇಪ್ಪತ್ತು ಪುಟದ ರಿಪೋರ್ಟ್ ರೆಡಿ: ಲಾಗಿನ್, ಮೆನು, ರೇಟಿಂಗ್, ಬಿಲ್, ನೋಟಿಫಿಕೇಶನ್. ಕೆಲಸವನ್ನು ನಾಲ್ಕು ಪಾಲು ಮಾಡಿಕೊಂಡು ಅವರವರ ರೂಮಿಗೆ ಹೋದೆವು. ಮೂರು ತಿಂಗಳಾದ ಮೇಲೆ, ಡೆಮೋಗೆ ಎರಡು ದಿನ ಇರುವಾಗ ಜೋಡಿಸಿ ನೋಡಿದರೆ ಒಂದಕ್ಕೊಂದು ಸೇರಲೇ ಇಲ್ಲ. ನಮ್ಮಲ್ಲೊಬ್ಬ ಒಂದು ತಿಂಗಳಿಂದ ಡೇಟಾಬೇಸ್ ಹತ್ತಿರವೇ ಸಿಕ್ಕಿಹಾಕಿಕೊಂಡಿದ್ದ. ಕೇಳಿದ್ರೆ ದಡ್ಡ ಅಂದ್ಕೋತಾರೆ ಅಂತ ಬಾಯಿ ಬಿಟ್ಟಿರಲಿಲ್ಲ. ರಾತ್ರಿಯಿಡೀ ಕೂತು ಹೇಗೋ ಜೋಡಿಸಿ, ಮೆಸ್ ನೋಡಿಕೊಳ್ಳುವ ಅಣ್ಣನಿಗೆ ತೋರಿಸಿದೆವು. ಅವರು ಕೇಳಿದ್ದು ಒಂದೇ: "ಎಲ್ಲಾ ಚೆನ್ನಾಗಿದೆ ಕಣ್ರಪ್ಪಾ. ನಾಳೆ ತಿಂಡಿಗೆ ಎಷ್ಟು ಜನ ಬರ್ತಾರೆ ಅಂತ ಇದ್ರಲ್ಲಿ ಗೊತ್ತಾಗತ್ತಾ?"

ಗೊತ್ತಾಗುತ್ತಿರಲಿಲ್ಲ.

ಆಮೇಲೆ ನಾವು ಅಜೈಲ್ ಬಗ್ಗೆ ಓದಲು ಕೂತೆವು. ಕಲಿತಷ್ಟನ್ನು ಇಲ್ಲಿ ಹೇಳ್ತೀವಿ.

ನಾವು ಮಾಡಿದ್ದ ವಿಧಾನಕ್ಕೆ ವಾಟರ್‌ಫಾಲ್ ಅಂತಾರೆ. ಮೊದಲು ಬೇಕು-ಬೇಡಗಳ ಪಟ್ಟಿ, ಆಮೇಲೆ ಡಿಸೈನ್, ಆಮೇಲೆ ಕೋಡ್, ಕೊನೆಗೆ ಟೆಸ್ಟಿಂಗ್. ಜಲಪಾತದ ನೀರಿನ ಹಾಗೆ ಒಂದು ಹಂತದಿಂದ ಕೆಳಗಿನದಕ್ಕೆ ಇಳಿಯೋದು, ವಾಪಸ್ ಹತ್ತೋದು ಕಷ್ಟ. ಈ ಚಿತ್ರದ ಮೂಲ ಅಂತ ಎಲ್ಲರೂ ತೋರಿಸೋದು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧವನ್ನು. ತಮಾಷೆ ಅಂದ್ರೆ, ಟೆಸ್ಟಿಂಗನ್ನು ಕೊನೆಗೆ ಇಟ್ಟುಕೊಳ್ಳೋದು ಅಪಾಯ ಅಂತ ಅದೇ ಪ್ರಬಂಧದಲ್ಲಿ ಅವರೇ ಎಚ್ಚರಿಸಿದ್ದರು.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್ ಎಂಬ ಸ್ಕೀ ರೆಸಾರ್ಟಿನಲ್ಲಿ 17 ಜನ ಸಾಫ್ಟ್‌ವೇರ್ ಪರಿಣತರು ಸೇರಿ ಒಂದು ಪುಟ್ಟ ಘೋಷಣೆ ಬರೆದರು. ಅದೇ ಅಜೈಲ್ ಮ್ಯಾನಿಫೆಸ್ಟೋ. ಅದರಲ್ಲಿ 4 ಮೌಲ್ಯ, ಅದರ ಜೊತೆಗೆ 12 ತತ್ವ. ನಾಲ್ಕು ಮೌಲ್ಯಗಳನ್ನು ನಮ್ಮ ಮಾತಲ್ಲಿ ಹೇಳೋದಾದ್ರೆ: ಟೂಲ್‌ಗಳಿಗಿಂತ ಜನ ಮತ್ತು ಅವರ ಮಾತುಕತೆ ಮುಖ್ಯ. ದಪ್ಪ ರಿಪೋರ್ಟಿಗಿಂತ ಓಡುವ ಸಾಫ್ಟ್‌ವೇರ್ ಮುಖ್ಯ. ಕರಾರು ಹಿಡಿದು ವಾದಿಸುವುದಕ್ಕಿಂತ ಗ್ರಾಹಕರನ್ನು ಜೊತೆಗೆ ಕೂರಿಸಿಕೊಳ್ಳೋದು ಮುಖ್ಯ. ಹಾಕಿದ ಪ್ಲಾನಿಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳೋದು ಮುಖ್ಯ. ಹಾಗಂತ ರಿಪೋರ್ಟ್, ಪ್ಲಾನ್ ಬೇಡವೇ ಬೇಡ ಅಂತ ಅವರು ಹೇಳಿಲ್ಲ. ವೈವಾದಲ್ಲಿ "ನಮ್ದು ಅಜೈಲ್ ಸಾರ್, ಡಾಕ್ಯುಮೆಂಟ್ ಇಲ್ಲ" ಅಂದ್ರೆ ಮಾರ್ಕ್ಸ್ ಹೋಗೋದು ಗ್ಯಾರಂಟಿ!

ಇದನ್ನು ಜಾರಿಗೆ ತರೋಕೆ ಹಲವು ಪದ್ಧತಿಗಳಿವೆ. ಹೆಚ್ಚು ಬಳಕೆಯಲ್ಲಿರೋದು ಸ್ಕ್ರಮ್. ಹೆಸರು ಬಂದಿದ್ದು ರಗ್ಬಿ ಆಟದಿಂದ, ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ತಳ್ಳುವ ಗುಂಪಿಗೆ ಸ್ಕ್ರಮ್ ಅಂತಾರೆ. ಇದನ್ನು ಸಾಫ್ಟ್‌ವೇರಿಗೆ ತಕ್ಕಂತೆ ರೂಪಿಸಿದವರು ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್.

ನಮ್ಮ ಆ್ಯಪನ್ನೇ ಸ್ಕ್ರಮ್‌ನಲ್ಲಿ ಮಾಡಿದ್ದರೆ ಹೇಗಿರುತ್ತಿತ್ತು? ಮೊದಲು ಬೇಕಾದ್ದರ ಪಟ್ಟಿ, ಅದಕ್ಕೆ ಪ್ರಾಡಕ್ಟ್ ಬ್ಯಾಕ್‌ಲಾಗ್ ಅನ್ನುತ್ತಾರೆ. ಅದರಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ತೀರ್ಮಾನಿಸೋದು ಪ್ರಾಡಕ್ಟ್ ಓನರ್. ನಮ್ಮಲ್ಲಿ ಒಬ್ಬರು ಆ ಜಾಗದಲ್ಲಿ ನಿಂತು ಮೆಸ್ ಅಣ್ಣನನ್ನು ಮೊದಲೇ ಕೇಳಿದ್ದರೆ, 'ನಾಳೆ ಎಷ್ಟು ಜನ' ಅನ್ನೋದೇ ಪಟ್ಟಿಯ ತುದಿಯಲ್ಲಿ ಇರುತ್ತಿತ್ತು. ಮೇಲಿನ ಕೆಲವನ್ನು ಮಾತ್ರ ಎತ್ತಿಕೊಂಡು ಒಂದು ಸ್ಪ್ರಿಂಟ್. ಸ್ಪ್ರಿಂಟ್ ಅಂದ್ರೆ ನಿಗದಿತ ಅವಧಿ, ಒಂದು ತಿಂಗಳು ಮೀರುವಂತಿಲ್ಲ, ಎರಡು ವಾರ ಇಟ್ಟುಕೊಳ್ಳುವವರು ಜಾಸ್ತಿ. ಪ್ರತಿದಿನ 15 ನಿಮಿಷದ ಭೇಟಿ. ಸ್ಪ್ರಿಂಟ್ ಮುಗಿಯುವಾಗ ಬಳಸುವವರಿಗೆ ತೋರಿಸಿ ಅಭಿಪ್ರಾಯ ಕೇಳೋದು ರಿವ್ಯೂ. ನಮ್ಮ ಕೆಲಸದ ರೀತಿಯಲ್ಲಿ ಏನು ಸರಿ, ಏನು ತಪ್ಪು ಅಂತ ನಾವೇ ಕೂತು ಮಾತಾಡೋದು ರೆಟ್ರೊಸ್ಪೆಕ್ಟಿವ್. ಇದೆಲ್ಲ ಹಳಿ ತಪ್ಪದಂತೆ ನೋಡಿಕೊಳ್ಳೋರು ಸ್ಕ್ರಮ್ ಮಾಸ್ಟರ್. ಮಾಸ್ಟರ್ ಅಂದರೂ ಬಾಸ್ ಅಲ್ಲ.

ಇನ್ನೊಂದು ಪದ್ಧತಿ ಕಾನ್‌ಬಾನ್. ಇದರ ಬೇರು ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿದೆ. ಗೋಡೆಯ ಮೇಲೆ ಮೂರು ಕಾಲಂ ಎಳೆಯಿರಿ: ಮಾಡಬೇಕು, ಮಾಡ್ತಿದ್ದೀವಿ, ಮುಗೀತು. ಒಂದೊಂದು ಕೆಲಸಕ್ಕೂ ಒಂದು ಚೀಟಿ. ನಡುವಿನ ಕಾಲಂನಲ್ಲಿ ಇಷ್ಟೇ ಚೀಟಿ ಇರಬೇಕು ಅಂತ ಮಿತಿ. ಒಂದು ಮುಗಿಯದೆ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಎಲ್ಲವನ್ನೂ ಅರ್ಧಂಬರ್ಧ ಮಾಡಿಡುವ ನಮ್ಮಂಥವರಿಗೆ ಇದು ಒಳ್ಳೆ ಮದ್ದು.

ಅಜೈಲ್ ಅಂದ ಕೂಡಲೇ ಬೇಗ ಮುಗಿಸೋದು ಅಂದ್ಕೊಂಡಿದ್ವಿ. ಓದಿದ ಮೇಲೆ ಅನ್ನಿಸಿದ್ದು, ಇದು ತಪ್ಪನ್ನು ಬೇಗ ಕಂಡುಕೊಳ್ಳುವ ದಾರಿ. ಎರಡನೇ ವಾರದಲ್ಲಿ ಸಿಕ್ಕ ತಪ್ಪಿಗೆ ಒಂದು ಸಂಜೆ ಸಾಕು. ಡೆಮೋ ಹಿಂದಿನ ದಿನ ಸಿಕ್ಕರೆ ನಿದ್ದೆಯೂ ಹೋಗತ್ತೆ, ಕೆಲವೊಮ್ಮೆ ಸ್ನೇಹವೂ ಹೋಗತ್ತೆ.

ಈ ಸೆಮಿಸ್ಟರ್ ಅದೇ ಆ್ಯಪನ್ನು ಮತ್ತೆ ಎತ್ತಿಕೊಂಡಿದ್ದೀವಿ. ಮೊದಲ ಸ್ಪ್ರಿಂಟಿನಲ್ಲಿ ಮಾಡಿದ್ದು ಒಂದೇ ಸ್ಕ್ರೀನ್: 'ನಾಳೆ ತಿಂಡಿಗೆ ಬರ್ತೀರಾ?' ಹೌದು, ಇಲ್ಲ, ಅಷ್ಟೇ. ಲಾಗಿನ್ ಕೂಡ ಇಲ್ಲ. ಅಣ್ಣ ನೋಡಿ, "ರಾತ್ರಿ ಹತ್ತರೊಳಗೆ ಲೆಕ್ಕ ಸಿಗ್ಬೇಕು, ಬೆಳಿಗ್ಗೆ ಸಿಕ್ಕಿದ್ರೆ ಹಿಟ್ಟು ರುಬ್ಬೋದು ಯಾವಾಗ?" ಅಂದರು. ಆ ಮಾತು ಎರಡನೇ ಸ್ಪ್ರಿಂಟಿನ ಮೊದಲ ಚೀಟಿಯಾಯಿತು.

ಮೂರನೇ ದಿನದ ಭೇಟಿಯಲ್ಲಿ, ಹೋದ ಸಲ ಸುಮ್ಮನಿದ್ದ ಗೆಳೆಯನೇ ಮೊದಲು ಬಾಯಿ ಬಿಟ್ಟ: "ನಂಗೆ ಈ ಕ್ವೆರಿ ಬರ್ತಿಲ್ಲ ಕಣ್ರೋ, ಯಾರಾದ್ರೂ ಜೊತೆಗೆ ಕೂರ್ತೀರಾ?" ಇಬ್ಬರು ಕೂತೆವು. ನಲವತ್ತು ನಿಮಿಷಕ್ಕೆ ಮುಗೀತು.