ವಿಶ್ವವಿದ್ಯಾನಿಲಯದ ಪಂಚಾಂಗ

ಪಂಚಾಂಗಕ್ಕೆ ಅಂಗಗಳು ಐದು: ತಿಥಿ, ವಾರ, ನಕ್ಷತ್ರ, ಯೋಗ, ಕರಣ. ವಿಶ್ವವಿದ್ಯಾನಿಲಯಗಳೂ ವರ್ಷಕ್ಕೊಂದು ಪಂಚಾಂಗವನ್ನು ಹೊರಡಿಸುತ್ತವೆ. ಅದಕ್ಕೂ ಐದೇ ಅಂಗಗಳು: ಪ್ರವೇಶ, ಪಾಠ, ಪರೀಕ್ಷೆ, ಫಲಿತಾಂಶ, ರಜೆ. ಮೊದಲನೆಯದನ್ನು ನಡೆಸುವವರು ಸೂರ್ಯಚಂದ್ರರು. ಅವರು ಸಮಿತಿ ಕೂಡುವುದಿಲ್ಲ, ಸುತ್ತೋಲೆ ಕಳುಹಿಸುವುದಿಲ್ಲ, ಹೇಳಿದ ಗಳಿಗೆಗೆ ತಪ್ಪದೆ ಬರುತ್ತಾರೆ. ಎರಡನೆಯದನ್ನು ನಡೆಸುವವರು ನಮ್ಮಂಥ ನರಮನುಷ್ಯರು. ಆದರೂ ನಮ್ಮ ಊರುಗಳ ತಂದೆತಾಯಿಗಳು ಎರಡನ್ನೂ ಒಂದೇ ನಂಬಿಕೆಯಿಂದ ನೋಡುತ್ತಾರೆ. ಕಾಲೇಜು ತೆರೆಯುವ ತಾರೀಖನ್ನು ನಂಬಿ ಅಡಕೆ ಮಾರುತ್ತಾರೆ, ಸಾಲ ತರುತ್ತಾರೆ, ಪಟ್ಟಣದ ಬಾಡಿಗೆ ಕೊಠಡಿಗೆ ಮುಂಗಡ ಕೊಡುತ್ತಾರೆ, ಮಗಳ ಮದುವೆಯ ಮಾತನ್ನು ಒಂದು ವರ್ಷ ಮುಂದಕ್ಕೆ ಹಾಕುತ್ತಾರೆ.

2020ರ ಮಾರ್ಚ್ ತಿಂಗಳಲ್ಲಿ ಈ ಎರಡನೆಯ ಪಂಚಾಂಗಕ್ಕೆ ಯಾವ ಜೋಯಿಸರೂ ಹೇಳದಿದ್ದ ಗ್ರಹಣ ಹಿಡಿಯಿತು. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಆ ವರ್ಷ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ, ಮುಂದಿನ ಸೆಮಿಸ್ಟರಿನ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಕೆಲಸದಲ್ಲಿ ನನಗೂ ಒಂದು ಪಾಲು ಬಂದಿತ್ತು. ಎಂಟು ಜನ ಎಂಟು ಮನೆಗಳಲ್ಲಿ ಕುಳಿತು, ಗಣಕದ ಪರದೆಯ ಮೇಲೆ ಒಬ್ಬರ ಮುಖವನ್ನೊಬ್ಬರು ನೋಡುತ್ತ, ಯಾರಿಗೂ ಕಾಣದ ನಾಳೆಗೆ ತಾರೀಖು ಗೊತ್ತುಮಾಡುತ್ತಿದ್ದೆವು.

ಮೇಲಿನವರ ಪಾಡೂ ನಮ್ಮದಕ್ಕಿಂತ ಬೇರೆಯಾಗಿರಲಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಏಪ್ರಿಲ್ 29ರಂದು, ಹಳೆಯ ವಿದ್ಯಾರ್ಥಿಗಳಿಗೆ ಆಗಸ್ಟ್ 1ರಿಂದಲೂ ಹೊಸಬರಿಗೆ ಸೆಪ್ಟೆಂಬರ್ 1ರಿಂದಲೂ ಪಾಠ ಆರಂಭವಾಗಲಿ ಎಂದು ಸೂಚಿಸಿತು. ಜುಲೈ 6ರಂದು, ಕೊನೆಯ ವರ್ಷದ ಪರೀಕ್ಷೆಗಳು ಸೆಪ್ಟೆಂಬರ್ ಮುಗಿಯುವುದರೊಳಗೆ ನಡೆಯಬೇಕೆಂದಿತು. ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಪರೀಕ್ಷೆಯಿಲ್ಲದೆ ಪದವಿಯಿಲ್ಲ, ಆದರೆ ರಾಜ್ಯಗಳು ಹೆಚ್ಚಿನ ಕಾಲಾವಕಾಶವನ್ನು ಕೇಳಬಹುದು ಎಂಬ ತೀರ್ಪು ಆಗಸ್ಟ್ 28ರಂದು ಬಂದಿತು. ಸೆಪ್ಟೆಂಬರಿನಲ್ಲಿ ಇನ್ನೊಂದು ಪಂಚಾಂಗ ಹೊರಟಿತು. ಅದರಂತೆ ಹೊಸಬರ ಪಾಠ ನವೆಂಬರ್ 1ಕ್ಕೆ, ಎರಡನೆಯ ಸೆಮಿಸ್ಟರು 2021ರ ಏಪ್ರಿಲ್ 5ಕ್ಕೆ. ಆ ಏಪ್ರಿಲಿನಲ್ಲಿಯೇ ಎರಡನೆಯ ಅಲೆ ಎದ್ದು, 27ರ ರಾತ್ರಿಯಿಂದ ಕರ್ನಾಟಕವು ಮತ್ತೆ ಬಾಗಿಲು ಹಾಕಿಕೊಂಡುದನ್ನು ಓದುಗರು ಮರೆತಿರಲಾರರು.

ಇದನ್ನೆಲ್ಲ ನೆನೆದು ನಗುವುದು ಸುಲಭ. ಆದರೆ ನಾಳೆಯನ್ನು ತಪ್ಪಾಗಿ ಊಹಿಸಿದವರು ನಾವಷ್ಟೇ ಅಲ್ಲ. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯವು ಚಾಪೆಲ್ ಹಿಲ್‌ನಲ್ಲಿ 2020ರ ಆಗಸ್ಟ್ 10ರಂದು ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಆರಂಭಿಸಿತು. ಒಂದೇ ವಾರದಲ್ಲಿ 130 ವಿದ್ಯಾರ್ಥಿಗಳಲ್ಲಿ ಸೋಂಕು ಕಂಡಿತು. 17ರಂದು, ಇನ್ನು ಪದವಿ ತರಗತಿಗಳ ಪಾಠವೆಲ್ಲ ದೂರದಿಂದಲೇ ಎಂದು ಪ್ರಕಟಿಸಬೇಕಾಯಿತು. ಹಾಸಿಗೆ ಬಿಚ್ಚಿದವರು ಮತ್ತೆ ಹಾಸಿಗೆ ಕಟ್ಟಿದರು. ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾನಿಲಯ ಹಿಡಿದ ದಾರಿ ಬೇರೆ. ತನ್ನ 23 ವಿದ್ಯಾಕೇಂದ್ರಗಳಲ್ಲಿಯೂ ಮುಂದಿನ ಸೆಮಿಸ್ಟರು ಬಹುಮಟ್ಟಿಗೆ ದೂರದಿಂದಲೇ ನಡೆಯುವುದೆಂದು ಅದು ಮೇ 12ರಂದೇ ಹೇಳಿತು. ಅದಕ್ಕೂ ಮುಂದಿನ ಸೆಮಿಸ್ಟರು ಜನವರಿಯದು. ಅದರ ಮಾತನ್ನು ಸೆಪ್ಟೆಂಬರ್ 10ರಂದು ಹೇಳಿಬಿಟ್ಟಿತು. ಮೇ ತಿಂಗಳಲ್ಲಿ ಇಷ್ಟೇಕೆ ಅವಸರ ಎಂದು ಯಾರಿಗಾದರೂ ಅನ್ನಿಸಿದ್ದೀತು. ನನಗೆ ಅದರಲ್ಲಿ ಅವಸರಕ್ಕಿಂತ ಹೆಚ್ಚಾಗಿ ಮರ್ಯಾದೆ ಕಂಡಿತು. ಹೇಳತಕ್ಕ ಮಾತು ಅಪ್ರಿಯವಾದರೂ, ಕೇಳುವವನು ತನ್ನ ಬದುಕನ್ನು ಹೊಂದಿಸಿಕೊಳ್ಳುವಷ್ಟು ಮುಂಚೆ ಹೇಳುವುದು ಮರ್ಯಾದೆಯಲ್ಲವೆ?

ತೆರೆದು ಮತ್ತೆ ಮುಚ್ಚುವುದು ಹಳೆಯ ಕಥೆ. 1665ರಲ್ಲಿ ಪ್ಲೇಗು ಬಂದಾಗ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಚದುರಿತು. ಮರುವರ್ಷದ ವಸಂತದಲ್ಲಿ ತೆರೆಯಿತು. ಬೇಸಗೆಗೆ ಪ್ಲೇಗು ಮರುಕಳಿಸಿ ಮತ್ತೆ ಮುಚ್ಚಿತು. ನೆಟ್ಟಗೆ ನಡೆಯಲು 1667 ಬರಬೇಕಾಯಿತು. ಆ ರಜೆಯಲ್ಲಿ ನ್ಯೂಟನ್ ತನ್ನ ಹಳ್ಳಿಯ ಮನೆಯಲ್ಲಿ ಕುಳಿತು ಗಣಿತವನ್ನೂ ಬೆಳಕಿನ ಗುಟ್ಟನ್ನೂ ಶೋಧಿಸಿದನೆಂದು 2020ರಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಉಪದೇಶ ಮಾಡದವರೇ ಇರಲಿಲ್ಲ. ಆದರೆ ನ್ಯೂಟನ್ನನಿಗೆ ಸ್ವಂತ ಮನೆಯಿತ್ತು, ಜಮೀನಿತ್ತು, ಕೂರಲು ಒಂದು ಮೂಲೆಯಿತ್ತು. ನಮ್ಮ ಮಲೆನಾಡಿನ ಹುಡುಗರು ಪಾಠ ಕೇಳಲೆಂದು ಮೊಬೈಲಿಗೆ ಸಂಕೇತ ಹುಡುಕುತ್ತ, ಸುರಿವ ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದರು. ಯೋಜನೆಯೆಂಬುದು ಇಂಥವರಿಗಾಗಿ ಬೇಕಾದುದು. ನ್ಯೂಟನ್ನನಂಥವನು ಯೋಜನೆಯಿಲ್ಲದೆಯೂ ಬದುಕಿಕೊಳ್ಳುತ್ತಾನೆ.

ಹೊರದೇಶದಲ್ಲಿ ಓದುತ್ತಿದ್ದ ನಮ್ಮ ಮಕ್ಕಳ ಗೋಳು ಇನ್ನೊಂದು ಬಗೆಯದು. ಪಾಠವೆಲ್ಲ ದೂರದಿಂದ ನಡೆಯುವುದಾದರೆ ವಿದೇಶೀ ವಿದ್ಯಾರ್ಥಿಗಳು ಅಮೆರಿಕದಲ್ಲಿ ಉಳಿಯುವಂತಿಲ್ಲವೆಂದು ಅಲ್ಲಿನ ಸರಕಾರ 2020ರ ಜುಲೈ 6ರಂದು ಹೇಳಿತು. ಹಾರ್ವರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳು ಎರಡು ದಿನಗಳಲ್ಲಿ ನ್ಯಾಯಾಲಯಕ್ಕೆ ಹೋದವು. 14ರಂದು ಸರಕಾರ ಆ ಮಾತನ್ನು ಹಿಂದೆ ತೆಗೆದುಕೊಂಡಿತು. ಎಂಟೇ ದಿನ. ಆದರೆ ಆ ಎಂಟು ರಾತ್ರಿ ನಮ್ಮ ನಾಡಿನ ಎಷ್ಟು ಮನೆಗಳಲ್ಲಿ ದೀಪ ಆರಲಿಲ್ಲವೋ!

ಆ ಆಗಸ್ಟಿನಲ್ಲಿ ನನಗೊಂದು ದೂರವಾಣಿ ಕರೆ ಬಂದಿತು. ಮಾತನಾಡಿದವರು ತೀರ್ಥಹಳ್ಳಿಯ ಕಡೆಯ ಒಬ್ಬ ರೈತರು. ಮಗಳು ನಮ್ಮಲ್ಲಿ ಬಿ.ಎಸ್‌ಸಿ. ಓದುತ್ತಿದ್ದಳು. ಐದು ತಿಂಗಳಿಂದ ಖಾಲಿ ಕೊಠಡಿಗೆ ಬಾಡಿಗೆ ಕಟ್ಟುತ್ತಿದ್ದರು. “ಮೇಷ್ಟ್ರೇ, ಕಾಲೇಜು ಯಾವತ್ತು ತೆಗೀತೀರಿ ಅಂತ ನಾನು ಕೇಳೋದಿಲ್ಲ. ಅದು ನಿಮಗೂ ಗೊತ್ತಿರಲಿಕ್ಕಿಲ್ಲ. ಯಾವತ್ತು ಹೇಳ್ತೀರಿ, ಅಷ್ಟು ಹೇಳಿ. ಅಲ್ಲೀವರೆಗೆ ರೂಮು ಇಟ್ಕೋಬೇಕೋ ಬಿಡಬೇಕೋ ಯೋಚನೆ ಮಾಡ್ಕೋತೀನಿ” ಎಂದರು.

ಮರುದಿನ ಈ ಮಾತನ್ನು ಸಮಿತಿಯ ಮುಂದಿಟ್ಟೆ. ನಮ್ಮ ಪ್ರಕಟಣೆಗೆ ಒಂದು ಸಾಲು ಸೇರಿತು: ಮುಂದಿನ ತೀರ್ಮಾನವನ್ನು ಇಂಥ ದಿನ ತಿಳಿಸುತ್ತೇವೆ. ಆ ದಿನ ಬಂದಾಗ ತಿಳಿಸುವುದಕ್ಕೆ ಹೊಸದೇನೂ ಇರಲಿಲ್ಲ. ಇನ್ನೂ ಇತ್ಯರ್ಥವಾಗಿಲ್ಲ, ಮುಂದಿನ ಮಾತು ಹದಿನೈದು ದಿನಗಳ ಅನಂತರ ಎಂದಷ್ಟೇ ಹೇಳಿದೆವು. ಆಶ್ಚರ್ಯವೆಂದರೆ ಯಾರೂ ಕೋಪಿಸಿಕೊಳ್ಳಲಿಲ್ಲ. ಜನಕ್ಕೆ ಕೋಪ ಬರುವುದು ‘ಗೊತ್ತಿಲ್ಲ’ ಎಂಬ ಮಾತಿಗಲ್ಲ, ಮೌನಕ್ಕೆ.

ನವೆಂಬರ್ 17ರಂದು ರಾಜ್ಯದ ಪದವಿ ಕಾಲೇಜುಗಳು ತೆರೆದವು. ಬರುವವರು ಮನೆಯವರ ಒಪ್ಪಿಗೆ ಪತ್ರ ತರಬೇಕು. ಬರಲಾರದವರು ಮನೆಯಿಂದಲೇ ಪಾಠ ಕೇಳಬಹುದು. ಆ ರೈತರ ಮಗಳು ಬಂದಳು. ಅದೇ ಕೊಠಡಿಯಲ್ಲಿ ಅವಳ ಜೊತೆಗಿದ್ದ ಇನ್ನೊಬ್ಬಳು ಬರಲಿಲ್ಲ. ಆ ನಡುವೆ ಅವಳಿಗೆ ಮದುವೆಯಾಗಿತ್ತು. ಕಾಲೇಜು ತೆರೆಯುವುದು ಯಾವಾಗಲೋ ಏನೋ ಎಂಬ ಅನುಮಾನವೇ ಆ ಮನೆಯಲ್ಲಿ ಮುಹೂರ್ತ ಇಟ್ಟಿತ್ತು.

ಮಹಾಮಾರಿಯ ತುರ್ತು ಮುಗಿದುದಾಗಿ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ತರಗತಿಗಳು ತುಂಬಿವೆ, ಪಂಚಾಂಗಗಳು ಮತ್ತೆ ಐದು ಅಂಗಗಳೊಡನೆ ಅಚ್ಚಾಗುತ್ತಿವೆ. ನನ್ನ ಪ್ರಾರ್ಥನೆ ಇಷ್ಟೆ: ಅವಕ್ಕೆ ಆರನೆಯ ಅಂಗವೊಂದನ್ನು ಈಗಲೇ, ಎಲ್ಲರೂ ಆರೋಗ್ಯವಾಗಿರುವಾಗಲೇ ಸೇರಿಸಬೇಕು. ಪಾಠ ನಿಂತರೆ ಯಾರು ತೀರ್ಮಾನಿಸುತ್ತಾರೆ, ಯಾವುದನ್ನು ನೋಡಿ ತೀರ್ಮಾನಿಸುತ್ತಾರೆ, ಎಂದು ತಿಳಿಸುತ್ತಾರೆ. ಹಾಸ್ಟೆಲಿನ ಶುಲ್ಕ ಏನಾಗುತ್ತದೆ. ಗುಡ್ಡ ಹತ್ತಲಾರದವನಿಗೆ ಪಾಠ ಹೇಗೆ ತಲುಪುತ್ತದೆ. ಇವನ್ನು ಬರೆಯಲು ಭವಿಷ್ಯ ಬಲ್ಲವರು ಬೇಕಿಲ್ಲ. ಕಾದು ಕುಳಿತವರ ನೆನಪಿರುವವರಿದ್ದರೆ ಸಾಕು.