ಓಟ್ಸ್ ಉಳಿಕೆಯಲ್ಲಿ ಕ್ರೋಮಿಯಂ ಏನಾಯಿತು?

ಕ್ರೋಮ್ ಲೇಪನದ ಕಾರ್ಖಾನೆಗಳ ಕೊಳಚೆನೀರಿನಲ್ಲಿ ಕ್ರೋಮಿಯಂ-6 ಇರುತ್ತದೆ. ಕ್ಯಾನ್ಸರ್ ತರಬಲ್ಲ ವಿಷವದು. ಅದೇ ಲೋಹದ ಕ್ರೋಮಿಯಂ-3 ರೂಪ ಅಷ್ಟು ಅಪಾಯಕಾರಿಯಲ್ಲ. ಇಂಥ ನೀರಿಗೆ ಪಾಚಿ, ಶಿಲೀಂಧ್ರ ಅಥವಾ ಬೆಳೆಯ ಉಳಿಕೆಯ ಪುಡಿ ಬೆರೆಸಿದರೆ ಲೋಹ ಅದಕ್ಕೆ ಅಂಟಿಕೊಳ್ಳುತ್ತದೆ. ಇದೇ ಜೈವಿಕ ಹೀರಿಕೆ. ಇದಕ್ಕೆ ಜೀವಂತ ಗಿಡವೇ ಬೇಕೆಂದಿಲ್ಲ, ಸತ್ತ ಒಣ ಪುಡಿಯೂ ಸಾಕು.

ನೀರಿನಿಂದ ಎಷ್ಟು ಲೋಹ ಹೋಯಿತೆಂದು ಅಳೆಯುವುದು ಸುಲಭ. ಆದರೆ ಅದು ಹೋಗಿ ಕೂತದ್ದೆಲ್ಲಿ, ಯಾವ ರೂಪದಲ್ಲಿ?

ಇದಕ್ಕೆ ಉತ್ತರ ಕೊಡುವುದು ಎಕ್ಸ್-ರೇ ಹೀರಿಕೆಯ ಸ್ಪೆಕ್ಟ್ರೋಸ್ಕೋಪಿ. ಸಿಂಕ್ರೊಟ್ರಾನ್ ಎಂಬ ವೇಗವರ್ಧಕ ಯಂತ್ರದಿಂದ ಬರುವ ಎಕ್ಸ್-ರೇಗಳ ಶಕ್ತಿಯನ್ನು ನಿಧಾನವಾಗಿ ಏರಿಸುತ್ತ ಹೋದರೆ, 5989 ಎಲೆಕ್ಟ್ರಾನ್ ವೋಲ್ಟ್ ಬಳಿ ಕ್ರೋಮಿಯಂನ ಅತಿ ಒಳಗಿನ ಎಲೆಕ್ಟ್ರಾನ್ ಕಿತ್ತುಬಂದು ಹೀರಿಕೆ ಥಟ್ಟನೆ ಜಿಗಿಯುತ್ತದೆ. ಪ್ರತಿ ಧಾತುವಿನ ಜಿಗಿತದ ಜಾಗ ಬೇರೆ. ಹಾಗಾಗಿ ಪುಡಿಯ ಇಂಗಾಲ, ಆಮ್ಲಜನಕಗಳ ರಾಶಿಯ ನಡುವೆಯೂ ಕ್ರೋಮಿಯಂ ಒಂದನ್ನೇ ಹಿಡಿಯಬಹುದು. ಒದ್ದೆ ಮಾದರಿಯೂ ನಡೆಯುತ್ತದೆ, ಹರಳಾಗಿರಬೇಕಿಲ್ಲ. ಜಿಗಿತಕ್ಕೆ ತುಸು ಮೊದಲು ಚೂಪಾದ ಶಿಖರ ಕಂಡರೆ ಅದು ಕ್ರೋಮಿಯಂ-6.

ಎಲ್ ಪಾಸೊದ ಟೆಕ್ಸಾಸ್ ವಿಶ್ವವಿದ್ಯಾಲಯದ ಹೋರ್ಹೆ ಗಾರ್ಡಿಯಾ-ಟೊರೆಸ್ಡೆ ಅವರ ತಂಡ ಓಟ್ಸ್ ಉಳಿಕೆಯನ್ನು ಹೀಗೆ ಪರೀಕ್ಷಿಸಿ, 2000ದಲ್ಲಿ ಫಲಿತಾಂಶ ಪ್ರಕಟಿಸಿತು. ಉಳಿಕೆಗಂಟಿದ ಲೋಹ ಕ್ರೋಮಿಯಂ-3 ಆಗಿ ಬದಲಾಗಿತ್ತು! ಉಳಿಕೆಯು ವಿಷವನ್ನು ಹಿಡಿದಿಟ್ಟದ್ದಷ್ಟೇ ಅಲ್ಲ, ಅದರ ಗುಣವನ್ನೇ ಕುಂದಿಸಿತ್ತು. ಅದೇ ತಂಡದ ಇನ್ನೊಂದು ಪ್ರಯೋಗದಲ್ಲಿ, ದ್ರಾವಣದಲ್ಲಿದ್ದ ಚಿನ್ನದ ಅಯಾನುಗಳು ಲೂಸರ್ನ್ ಮೇವಿನ ಪುಡಿಯಲ್ಲಿ ಅಪ್ಪಟ ಲೋಹವಾದವು.

ಜಿಗಿತದ ನಂತರ ಕಾಣುವ ಪುಟ್ಟ ಅಲೆಗಳಲ್ಲಿ ನೆರೆಯ ಪರಮಾಣುಗಳ ಗುಟ್ಟಿದೆ. ಅವುಗಳಿಂದ ಪರಮಾಣುಗಳ ನಡುವಿನ ದೂರವನ್ನು ಲೆಕ್ಕಹಾಕುವ ದಾರಿಯನ್ನು 1971ರಲ್ಲಿ ಸೇಯರ್ಸ್, ಸ್ಟರ್ನ್ ಮತ್ತು ಲೈಟಲ್ ತೋರಿಸಿಕೊಟ್ಟರು. ಅದೇ ವಿಧಾನದಿಂದ 1998ರಲ್ಲಿ ಫ್ರಾನ್ಸಿನ ಜೆರಾಲ್ಡಿನ್ ಸಾರೆ ಮತ್ತು ಸಂಗಡಿಗರು ಪೆನಿಸಿಲಿಯಂ ಶಿಲೀಂಧ್ರದ ಕೋಶಭಿತ್ತಿಯನ್ನು ಪರೀಕ್ಷಿಸಿದರು. ಸತು ಹೆಚ್ಚಾಗಿ ಫಾಸ್ಫೇಟ್ ಗುಂಪುಗಳನ್ನು ಹಿಡಿದಿತ್ತು. ಸೀಸವೋ ಮೊದಲು ವಿರಳವಾದ ಕಾರ್ಬಾಕ್ಸಿಲ್ ಗುಂಪುಗಳನ್ನು ಹುಡುಕಿಕೊಂಡು, ಆಮೇಲೆ ಫಾಸ್ಫೇಟ್‌ಗೆ ಬಂದಿತ್ತು. ಒಂದೇ ಗೋಡೆಯಲ್ಲಿ ಎರಡು ಲೋಹಗಳಿಗೆ ಎರಡು ಒಲವು. ಹೀರಿದ ಪ್ರಮಾಣದ ನಕ್ಷೆಯೊಂದನ್ನೇ ನೋಡಿ ಬಂಧದ ಸ್ವರೂಪ ಹೇಳುವುದು ಬರೀ ಊಹೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಒಂದು ಎಚ್ಚರ ಮಾತ್ರ ಅಗತ್ಯ. ಎಕ್ಸ್-ರೇ ಕಿರಣವೇ ಕ್ರೋಮಿಯಂ-6ನ್ನು ಕ್ರೋಮಿಯಂ-3 ಆಗಿಸಬಲ್ಲದು! ಆದ್ದರಿಂದ ಮಾದರಿಯನ್ನು ಅತಿಶೀತದಲ್ಲಿಟ್ಟು, ಮೊದಲ ಮತ್ತು ಕೊನೆಯ ಅಳತೆಗಳನ್ನು ಹೋಲಿಸಿ ನೋಡುತ್ತಾರೆ. ಭಾರತದಲ್ಲಿ ಇಂಥ ಅಳತೆಗೆ ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನ್ ಇದೆ. ಅದಿರುವ ಕೇಂದ್ರಕ್ಕೆ ಕನ್ನಡ ನಾಡಿನ ವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರಿದೆ.